ಮಾವನವರಿಗೊಂದು ವೈರ್‌ಲೆಸ್ ಕಂಟ್ರೋಲರ್

ಚಹಾ ಆಗಿದೆ ಎಂಬ ಮಾತನ್ನು ನಾನು ನಮ್ಮ ಮನೆಯ ಕ್ಯಾಲೆಂಡರಿಗೆ ಹೇಳುತ್ತೇನೆ. ಪಡಸಾಲೆಯ ಗೋಡೆಗೆ ತೂಗುಹಾಕಿದ ಆ ಕ್ಯಾಲೆಂಡರಿನ ಕೆಳಗೆ ಮಾವನವರ ಮಂಚವಿದೆ. "ಚಾ ಆಗ್ಯಾದ" ಎಂದು ಕ್ಯಾಲೆಂಡರ್ ನೋಡುತ್ತ ಹೇಳಿ, ಸ್ಟೂಲಿನ ಮೇಲೆ ಲೋಟ ಇಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಬರುತ್ತೇನೆ. ಆಮೇಲೆ ಅವರು ಲೋಟ ಎತ್ತಿಕೊಳ್ಳುತ್ತಾರೆ. ಸಕ್ಕರೆ ಕಡಿಮೆಯಾಗಿದ್ದರೆ "ಇವತ್ತ ಸಕ್ರಿ ತೀರ್ಯಾದೇನೋ" ಎಂದು ಅವರೂ ಯಾರಿಗೂ ಅಲ್ಲ ಎಂಬಂತೆ ಹೇಳುತ್ತಾರೆ. ನಾನು ಕೇಳಿಸಿಕೊಂಡು ಸಕ್ಕರೆ ಡಬ್ಬಿ ತಂದು ಅದೇ ಸ್ಟೂಲಿನ ಮೇಲೆ ಇಡುತ್ತೇನೆ.

ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡಬಾರದು ಎಂಬ ಪದ್ಧತಿ ಆಳಂದದಲ್ಲಿ ಈಗ ಎಲ್ಲರ ಮನೆಯಲ್ಲೂ ಇಲ್ಲ. ನಮ್ಮ ಪಕ್ಕದ ಮನೆಯ ಸೊಸೆ ಮಾವನ ಜೊತೆ ಜಗಳವನ್ನೇ ಆಡುತ್ತಾಳೆ, ಅದೂ ಓಣಿಗೆಲ್ಲ ಕೇಳುವಂತೆ. ನಮ್ಮಲ್ಲಿ ಮಾತ್ರ ಅದು ಹೇಗೋ ಉಳಿದುಕೊಂಡಿತು. ಯಾರೂ ಒತ್ತಾಯ ಮಾಡಲಿಲ್ಲ. ಅತ್ತೆ ತಮ್ಮ ಮಾವನ ಮುಂದೆ ಹಾಗೆ ಇದ್ದರಂತೆ, ನಾನೂ ಹಾಗೇ ಇದ್ದುಬಿಟ್ಟೆ. ಶಾಲೆಯಲ್ಲಿ ದಿನವಿಡೀ ಗಂಟಲು ಹರಿಯುವ ಹಾಗೆ ಗಣಿತ ಹೇಳುವವಳು ನಾನು. ಮನೆಗೆ ಬಂದ ಮೇಲೆ ಒಬ್ಬರ ಜೊತೆಗಾದರೂ ಮಾತಾಡುವ ಕೆಲಸವಿಲ್ಲ ಎನ್ನುವುದು ಮೊದಮೊದಲು ನನಗೆ ಸುಖವಾಗಿಯೇ ಇತ್ತು.

ಅಷ್ಟಕ್ಕೂ ಆಗ ಮಾತು ಸಾಗಿಸುವವರಿದ್ದರು. ನಾನು ಅತ್ತೆಗೆ ಹೇಳಿದರೆ ಅತ್ತೆ ಮಾವನವರಿಗೆ ಹೇಳುತ್ತಿದ್ದರು, ಸ್ವಲ್ಪ ಉಪ್ಪು ಖಾರ ಸೇರಿಸಿ. ಅತ್ತೆ ಇಲ್ಲದಾಗ ನನ್ನ ಮಗಳು ಆ ಕೆಲಸ ಮಾಡುತ್ತಿದ್ದಳು. ಮಗಳು ಓದಲು ರಾಯಚೂರಿಗೆ ಹೋಗಿ ಹಾಸ್ಟೆಲ್ ಸೇರಿದಳು. ಮರುವರ್ಷ ಅತ್ತೆ ತೀರಿಕೊಂಡರು. ಗಂಡನ ನೌಕರಿ ಜೇವರ್ಗಿಯಲ್ಲಿ. ಅಲ್ಲೇ ಒಂದು ಖೋಲಿ ಹಿಡಿದುಕೊಂಡಿದ್ದಾರೆ, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಾರೆ. ಹೀಗಾಗಿ ವಾರದ ಉಳಿದ ದಿನ ಮನೆಯಲ್ಲಿ ಉಳಿದವರು ನಾವಿಬ್ಬರೇ, ಪರಸ್ಪರ ಮಾತಾಡದವರು.

ಮಾವನವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಆಳಂದದಿಂದ ಅಫಜಲಪುರಕ್ಕೆ ಹೋಗುವ ದಾರಿಯ ಒಂದೊಂದು ತಗ್ಗೂ ಅವರಿಗೆ ಗೊತ್ತಿತ್ತು ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಅವರ ಕೈ ನಡುಗಲು ಶುರುವಾಯಿತು. ದವಾಖಾನೆಯಲ್ಲಿ ಗುಳಿಗೆ ಕೊಟ್ಟು, ಇನ್ನು ಗಾಡಿ ಮುಟ್ಟಬೇಡಿ ಎಂದರು. ನನ್ನ ಗಂಡ ಸ್ಕೂಟರಿನ ಚಾವಿ ಕಿತ್ತುಕೊಂಡು ಬೀರುವಿನಲ್ಲಿ ಇಟ್ಟರು. ಅದಕ್ಕೂ ಒಪ್ಪಿ, ಹಳೆಯ ಡ್ರೈವರುಗಳ ಜೊತೆ ಕೂಡಲು ನಡೆದೇ ಹೋಗುತ್ತಿದ್ದರು. ಅತ್ತೆ ಹೋದ ಮೇಲೆ ಮಾತ್ರ ಬಸ್‌ ಸ್ಟ್ಯಾಂಡಿನ ಕಟ್ಟೆಗೆ ಹೋಗುವುದನ್ನೂ ಬಿಟ್ಟರು. ಅರ್ಧ ರೊಟ್ಟಿ ತಿಂದು "ಸಾಕು" ಎಂದು ಕ್ಯಾಲೆಂಡರಿಗೆ ಹೇಳಿ ಕೈ ತೊಳೆಯುತ್ತಿದ್ದರು. ನಾನು ಬೆಳಿಗ್ಗೆ ಶಾಲೆಗೆ ಹೊರಡುವಾಗ ಯಾವ ಮಗ್ಗುಲಿಗೆ ಕೂತಿದ್ದರೋ ಸಂಜೆ ಬಂದಾಗಲೂ ಅದೇ ಮಗ್ಗುಲಿಗೆ ಕೂತಿರುತ್ತಿದ್ದರು. ಅವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರು. ಹೀಗೇ ಬಿಟ್ಟರೆ ಇವರು ಉಳಿಯುವುದಿಲ್ಲ ಎಂದು ನನಗೆ ಖಚಿತವಾಗಿತ್ತು, ಹೆದರಿಕೆಯೂ ಆಗಿತ್ತು. ಹೆದರಿದ್ದನ್ನು ಅವರಿಗೆ ಹೇಳುವ ಹಾಗಿರಲಿಲ್ಲ.

ಇನ್ನು ನನ್ನ ವಿಷಯ. ಮಟಕಿ ಎಂಬ ಊರಿನ ಕಡೆಯ ಶಾಲೆಯಿಂದ ಬಸ್ಸಿಗೆ ನಿಂತು ನಿಂತು ಮನೆಗೆ ಬರುವಷ್ಟರಲ್ಲಿ ನನ್ನ ಹೆಣ ಬಿದ್ದಿರುತ್ತದೆ. ಬಂದವಳೇ ಬೇಳೆಗೆ ಇಟ್ಟು, ಕುಕ್ಕರ್ ಸೀಟಿ ಹೊಡೆಯುವ ತನಕ ಕಂಪ್ಯೂಟರಿನಲ್ಲಿ ಲಾರಿ ಓಡಿಸುತ್ತೇನೆ. ನಗಬೇಡಿ. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಕೊಂಡ ಕಂಪ್ಯೂಟರ್ ಅದು. ನನ್ನ ತಮ್ಮ ಅದರಲ್ಲಿ ಆಟಗಳನ್ನು ತುಂಬಿಕೊಟ್ಟು, ತನ್ನ ಹಳೆಯ ವೈರಿನ ಕಂಟ್ರೋಲರನ್ನೂ ಬಿಟ್ಟುಹೋಗಿದ್ದ. ಸೀರಿಯಲ್ ನೋಡುವ ಸಹೋದ್ಯೋಗಿಗಳಿಗೆ ನಾನು ಇದನ್ನು ಹೇಳಿಲ್ಲ. ಸೀರಿಯಲ್ಲಿನಲ್ಲಿ ಅತ್ತೆ ಸೊಸೆ ಜಗಳ ನೋಡುವುದಕ್ಕಿಂತ ಖಾಲಿ ರಸ್ತೆಯಲ್ಲಿ ಲಾರಿ ಓಡಿಸುವುದು ನನ್ನ ತಲೆಗೆ ಹಿತ. ಅಲ್ಲಿ ಯಾರೂ ಡೌಟು ಕೇಳುವುದಿಲ್ಲ.

ಕಂಪ್ಯೂಟರ್ ಇರುವುದು ಪಡಸಾಲೆಯ ಮೂಲೆಯಲ್ಲಿ. ಮಾವನವರು ಕಟ್ಟೆಗೆ ಹೋಗುವುದನ್ನು ಬಿಟ್ಟ ಮೇಲೆ ಆಡುವುದನ್ನು ನಾನೂ ಬಿಡಬೇಕಾಗಿತ್ತು. ಬಿಡಲಿಲ್ಲ. ಅಷ್ಟೊಂದು ದಣಿವಿನಲ್ಲಿ ನಾಚಿಕೆಗೆ ಜಾಗವಿರಲಿಲ್ಲ. ಒಂದು ಸಂಜೆ ಲಾರಿಯನ್ನು ಗೋದಾಮಿನ ಬಾಗಿಲಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಬರಲಿಲ್ಲ. ಮತ್ತೆ ಮುಂದೆ ಹೋಗಿ ಹಿಂದೆ ತೆಗೆದುಕೊಂಡೆ. ಗೋಡೆಗೆ ಗುದ್ದಿತು. ನನ್ನ ಬೆನ್ನ ಹಿಂದೆ ಮಂಚ ಕಿರ್ರೆಂದಿತು, ಆಮೇಲೆ ಒಂದು ಕೆಮ್ಮು.

"ಸ್ಟೇರಿಂಗ್ ಉಲ್ಟಾ ತಿರುಗಿಸ್ಬೇಕು. ಹಿಂಗ್ ತಗೊಂಡ್ರ ನಾಳಿ ತನಕ ತಗೊಂಡ್ರೂ ಒಳಗ್ ಹೋಗಂಗಿಲ್ಲ" ಎಂದರು ಮಾವನವರು, ಕ್ಯಾಲೆಂಡರಿಗೆ.

ಅಷ್ಟು ಉದ್ದದ ಮಾತು ಅವರ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ. ನಾನು ಕಂಟ್ರೋಲರನ್ನು ಕುರ್ಚಿಯ ಮೇಲೆ ಇಟ್ಟು ಅಡುಗೆಮನೆಗೆ ಹೋದೆ. ನಮ್ಮ ಮನೆಯಲ್ಲಿ ವಸ್ತು ಕೈಯಿಂದ ಕೈಗೆ ಹೋಗುವುದಿಲ್ಲ. ಒಬ್ಬರು ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಬೇಳೆ ಕಡೆಯುತ್ತ ಕಿವಿಗೊಟ್ಟು ನಿಂತೆ. ಆಮೇಲೆ ಲಾರಿಯ ಎಂಜಿನ್ ಸದ್ದು ಕೇಳಿತು.

ಆ ದಿನ ಅವರು ಒಂದು ರೊಟ್ಟಿ ಪೂರ್ತಿ ತಿಂದರು.

ಹಾಗೆ ಶುರುವಾಯಿತು ಈ ಕಂಟ್ರೋಲರ್ ಹುಡುಕುವ ಹೈರಾಣ. ವೈರಿನ ಕಂಟ್ರೋಲರ್ ಅವರಿಗೆ ಹೊಂದುತ್ತಿರಲಿಲ್ಲ. ವೈರು ಗಿಡ್ಡ, ಪರದೆಗೆ ಮೂಗು ತಾಗಿಸಿ ಕೂಡಬೇಕು. ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ಅಷ್ಟು ಹತ್ತಿರದ್ದು ಕಾಣುವುದಿಲ್ಲ, ಕುರ್ಚಿಯಲ್ಲಿ ಕೂತರೆ ಸೊಂಟ ಹಿಡಿಯುತ್ತದೆ. ಮಂಚದ ಮೇಲೆ ಗೋಡೆಗೆ ಒರಗಿ ಕೂತೇ ಆಡುವಂಥದ್ದು ಬೇಕು, ಅಂದರೆ ವೈರಿಲ್ಲದ್ದು. ಇನ್ನೊಂದು ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ. ಇಬ್ಬರು ಕೂಡಿ ಆಡುವ ಒಂದು ಆಟ ಅದರಲ್ಲಿತ್ತು. ಅವರು ಮಂಚದ ಮೇಲೆ, ನಾನು ಕಂಪ್ಯೂಟರಿನ ಪಕ್ಕಕ್ಕೇ ಇರುವ ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲದ ಮೇಲೆ, ಹಳೆಯ ವೈರು ಎಳೆದುಕೊಂಡು. ಅವರಿಗೆ ನನ್ನ ಮುಖ ಕಾಣುವುದಿಲ್ಲ, ನನಗೆ ಅವರದ್ದು ಕಾಣುವುದಿಲ್ಲ. ಪದ್ಧತಿಗೂ ಭಂಗವಿಲ್ಲ, ಆಟಕ್ಕೂ ಭಂಗವಿಲ್ಲ ಎಂದು ಲೆಕ್ಕ ಹಾಕಿದ್ದೆ.

ಕಲಬುರಗಿಯ ಅಂಗಡಿಯವನು ಕೇಳಿದ ಮೊದಲ ಪ್ರಶ್ನೆಗೇ ನಾನು ತಡವರಿಸಿದೆ.

"ಎಷ್ಟು ವಯಸ್ಸಿನ ಹುಡುಗ್ರಿ ಮೇಡಂ?"

"ದೊಡ್ಡವ."

"ಪಿಯುಸಿ ಏನ್ರಿ?"

"ಅದಕ್ಕಿಂತ ದೊಡ್ಡವ. ಕೈ ದೊಡ್ಡಾವ."

ಅವನು ನನ್ನ ಬಿಳಿ ಕೂದಲನ್ನು ಒಮ್ಮೆ ನೋಡಿ, ಮದುವೆಯಾಗದ ಮಗನೊಬ್ಬ ಮನೆಯಲ್ಲಿ ಕೂತಿದ್ದಾನೆ ಎಂದು ಭಾವಿಸಿದನೋ ಏನೋ, ಪಾಪ ಅನ್ನುವ ಮುಖ ಮಾಡಿ ಒಂದು ಡಬ್ಬಿ ಕೊಟ್ಟ. ಮನೆಗೆ ತಂದು ನೋಡಿದರೆ ಅದು ಬ್ಲೂಟೂತ್‌ನದು. ನಮ್ಮ ಕಂಪ್ಯೂಟರಿನಲ್ಲಿ ಬ್ಲೂಟೂತೇ ಇಲ್ಲ. ನನ್ನ ಫೋನಿಗೆ ಚೆಂದ ಹೊಂದಿಕೊಂಡಿತು, ಬೇಕಾದ್ದಕ್ಕೆ ಹೊಂದಲಿಲ್ಲ. ಮುಂದಿನ ಭಾನುವಾರ ಮತ್ತೆ ಬಸ್ಸು ಹತ್ತಿ ಹೋಗಿ ವಾಪಸ್ ಕೊಟ್ಟು ಬಂದೆ. ಆ ಬಿಸಿಲು, ಆ ಬಸ್ಸು, ಆ ಅಂಗಡಿಯವನ ಮತ್ತದೇ ಪಾಪ ಅನ್ನುವ ಮುಖ. ಯಾಕಾದರೂ ಬೇಕಿತ್ತು ಈ ಉಸಾಬರಿ ಎಂದು ನನ್ನನ್ನು ನಾನೇ ಬೈದುಕೊಂಡೆ.

ಬಸ್ಸಿನಲ್ಲಿ ಬರುವಾಗ ಹೋಗುವಾಗ ಫೋನಿನಲ್ಲಿ ಓದತೊಡಗಿದೆ. ಓದಿದಷ್ಟೂ ತಲೆನೋವು. ಕಂಪ್ಯೂಟರಿಗೆ ಚುಚ್ಚುವ ಉಗುರಿನಷ್ಟು ಸಣ್ಣ ರಿಸೀವರ್ ಜೊತೆಗೆ ಬರುವಂಥದ್ದಾದರೆ ಬ್ಲೂಟೂತ್ ಬೇಕಿಲ್ಲ, ಒತ್ತಿದ್ದು ತಡವಿಲ್ಲದೆ ಪರದೆಯಲ್ಲಿ ಆಗುತ್ತದೆ ಎಂದು ತಿಳಿಯಿತು. ಡ್ರೈವರ್ ಆಗಿದ್ದವರಿಗೆ ಆ ತಡ ಎಷ್ಟು ಸಿಟ್ಟು ತರಿಸುತ್ತದೆ ಎಂದು ನನಗೆ ಗೊತ್ತು. ಹೆಬ್ಬೆರಳಿನಿಂದ ತಿರುಗಿಸುವ ಎರಡು ಗುಬಟುಗಳಿರುತ್ತವಲ್ಲ, ಸ್ಟಿಕ್ ಎನ್ನುತ್ತಾರೆ, ಅಗ್ಗದವುಗಳಲ್ಲಿ ಅವು ಕೆಲವು ತಿಂಗಳಿಗೆ ಸವೆದು, ಮುಟ್ಟದಿದ್ದರೂ ಗಾಡಿ ತಾನೇ ಒಂದು ಕಡೆಗೆ ಎಳೆಯುತ್ತದಂತೆ. ಅಯಸ್ಕಾಂತದ ಗುಬಟುಗಳಾದರೆ ಸವೆಯುವುದಿಲ್ಲವಂತೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಗುಬಟು ನಡುವಿನಲ್ಲಿರುವಾಗ ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಹೇಳಿಡಬಹುದು. ಆಡುವ ಹುಡುಗರು ಇದನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ನನಗೆ ಹೆಚ್ಚು ಮಾಡಲು ಬರುವಂಥದ್ದು ಬೇಕಿತ್ತು, ಅವರ ಕೈ ನಡುಗಿದ್ದು ಲಾರಿಗೆ ಗೊತ್ತಾಗದಷ್ಟು.

ಅವರ ಕೈಯ ಅಳತೆ ಹೇಗೆ ತೆಗೆದುಕೊಳ್ಳುವುದು? ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಬೆರಳು ಎಲ್ಲಿಗೆ ಬರುತ್ತವೆ ಎಂದು ಬಾಗಿಲ ಸಂದಿಯಿಂದ ನೋಡಿದೆ. ಹಗುರ ಇರಬೇಕು, ಹಿಡಿಕೆ ಉದ್ದ ಇರಬೇಕು, ಜಾರಬಾರದು. ಚಾರ್ಜ್ ಆಗುವ ಬ್ಯಾಟರಿಯದೋ, ಸೆಲ್ ಹಾಕುವುದೋ ಎಂಬುದನ್ನು ಮಾತ್ರ ಅವರನ್ನೇ ಕೇಳಬೇಕಿತ್ತು. ಅಡುಗೆಮನೆಯಿಂದ ಜೇವರ್ಗಿಗೆ ಫೋನ್ ಮಾಡಿ ಗಂಡನಿಗೆ ಹೇಳಿದೆ. ಅವರು ಪಡಸಾಲೆಯಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದರು. "ಸೆಲ್ಲಿಂದೇ ಇರ್ಲಿ. ಕರೆಂಟಿಂದು ಭರೋಸಾ ಇಲ್ಲ" ಎಂದು ಮಾವನವರು ಹೇಳಿದ್ದು ಗೋಡೆಯಾಚೆಯಿಂದ ನನಗೆ ಸ್ಪಷ್ಟವಾಗಿ ಕೇಳಿತು. ಆದರೂ ಗಂಡನ ಫೋನಿಗಾಗಿ ಕಾದೆ.

"ಸೆಲ್ಲಿಂದು ಬೇಕಂತ" ಎಂದರು ಗಂಡ.

"ಕೇಳಿಸ್ತು."

"ನೀ ಒಳಗ್ ನಿಂತೀದಿ, ಅಪ್ಪ ಹೊರಗ್ ಕುಂತಾರ. ನಡುವ ಒಂದು ಗ್ವಾಡಿ. ನಿಮ್ಮ ಮಾತು ಜೇವರ್ಗಿ ತನಕ ಬಂದು ಹೋಗಾಕತ್ತಾವ. ಸಾಕಾಗಂಗಿಲ್ಲೇನ್ ನಿಮಗ?"

ಸಾಕಾಗಿತ್ತು. ಯಾರಿಗೆ ಸಾಕಾಗಿರಲಿಲ್ಲ? ಆದರೆ ಇಷ್ಟು ವರ್ಷದ ಮೇಲೆ ಯಾವ ನೆಪ ಹೇಳಿ ಮಾತು ಶುರು ಮಾಡುವುದು ಎನ್ನುವುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾಳೆ ಮಾಡಿದರಾಯಿತು ಎಂದು ಬಿಟ್ಟ ಕೆಲಸ ವರ್ಷಗಳಾದ ಮೇಲೆ ಕೆಲಸವಾಗಿ ಉಳಿಯುವುದಿಲ್ಲ, ಗೋಡೆಯಾಗುತ್ತದೆ.

ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ನಾನು ಬೇಕೆಂದದ್ದೆಲ್ಲ ಅದರಲ್ಲಿತ್ತು, ಬಣ್ಣ ಮಾತ್ರ ಬರೆಯುವ ಪಾಟಿಯಂಥ ಕಪ್ಪು. ಸೆಲ್ ಹಾಕಿ, ರಿಸೀವರ್ ಚುಚ್ಚಿ, ಕೈಯ ಅಲುಗಾಟ ಲೆಕ್ಕಕ್ಕೆ ಬಾರದ ಹಾಗೆ ಮಾಡಿ, ಪರೀಕ್ಷೆ ಪೇಪರ್ ತಿದ್ದುವುದನ್ನು ಬದಿಗಿಟ್ಟು ಎರಡು ಸಂಜೆ ಅದರ ಜೊತೆ ಗುದ್ದಾಡಿ ಸ್ಟೂಲಿನ ಮೇಲೆ ಇಟ್ಟೆ. ಮಾವನವರು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದರ ಚಾವಿ ಎಲ್ಲಿ?" ಎಂದು ಕ್ಯಾಲೆಂಡರನ್ನು ಕೇಳಿದರು. ನಾನು ಎದ್ದು ಹೋಗಿ ಕಂಪ್ಯೂಟರಿನಲ್ಲಿ ಚುಚ್ಚಿದ್ದ ರಿಸೀವರನ್ನು ಬೆರಳಿನಿಂದ ಮುಟ್ಟಿ ತೋರಿಸಿದೆ. ಅಂದಿನಿಂದ ಅದರ ಹೆಸರು ಚಾವಿ ಎಂದೇ ಆಯಿತು.

ಕಂಟ್ರೋಲರ್ ತಾನೇ ಗುರುಗುಡುವ ವ್ಯವಸ್ಥೆಯೊಂದಿರುತ್ತದೆ, ಗಾಡಿ ಕಲ್ಲಿನ ಮೇಲೆ ಹೋದರೆ ಕೈಯಲ್ಲಿ ನಡುಗುತ್ತದೆ. ಮೊದಲೇ ನಡುಗುವ ಕೈ, ಇದೊಂದು ಯಾಕೆ ಎಂದು ನಾನು ಅದನ್ನು ಬಂದ್ ಮಾಡಿಟ್ಟಿದ್ದೆ. ಮಗಳು ರಜೆಗೆ ಬಂದಾಗ ತಾತನಿಗೆ ಅದನ್ನು ತೋರಿಸಿಕೊಟ್ಟಳು. ಇರಲಿ, ಬಂದ್ ಮಾಡಬೇಡ ಎಂದರಂತೆ. ಅದು ನಡುಗುವಾಗ ತನ್ನ ಕೈ ನಡುಗುವುದು ಯಾವುದು, ಅದು ನಡುಗುವುದು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವಳಿಗೆ ಹೇಳಿದರಂತೆ. ಅಷ್ಟೆಲ್ಲ ಓದಿ, ಬಸ್ಸಿನಲ್ಲಿ ಅಲೆದು, ಇದೊಂದು ನನಗೆ ಹೊಳೆದಿರಲಿಲ್ಲ.

ಇಬ್ಬರೂ ಕೂಡಿ ಆಡುವ ಆಟ ಹೀಗಿತ್ತು. ಎರಡು ಸಣ್ಣ ಲಾರಿ, ನಡುವೆ ಒಂದು ಸರಪಳಿ, ಸರಪಳಿಗೆ ಕಟ್ಟಿದ ದೊಡ್ಡ ಪೆಟ್ಟಿಗೆ. ಗುಡ್ಡದ ದಾರಿಯಲ್ಲಿ ಅದನ್ನು ಎಳೆದು ಮೇಲಕ್ಕೆ ಮುಟ್ಟಿಸಬೇಕು. ಒಂದು ಲಾರಿ ದಂಡೆ ಬಿಟ್ಟು ಕೆಳಗೆ ಬಿದ್ದರೆ ಇನ್ನೊಂದನ್ನೂ ಎಳೆದುಕೊಂಡೇ ಬೀಳುತ್ತದೆ, ಮತ್ತೆ ಬುಡದಿಂದ ಶುರು. ಮಾತಾಡದೆ ಇದನ್ನು ಆಡುವುದು ಕಷ್ಟ. ನಾವು ಆಡಿದೆವು. ಅವರು ಒಮ್ಮೆ ಕೆಮ್ಮಿದರೆ ನಿಲ್ಲು ಎಂದು ಅರ್ಥ, ಮಂಚಕ್ಕೆ ಬೆರಳು ಬಡಿದರೆ ಹೋಗೋಣ ಎಂದು. ನಾನು ಬಳೆ ಸದ್ದು ಮಾಡಿದರೆ ನನಗೆ ತಡವಾಗುತ್ತಿದೆ ಎಂದು. ದಿನವೂ ಸಂಜೆ ಕುಕ್ಕರಿನ ಸೀಟಿ ಆಗುವ ತನಕ ಹೀಗೆ ನಡೆಯುತ್ತಿತ್ತು. ಆಮೇಲೆ ಸೀಟಿ ಆದರೂ ಯಾರೂ ಏಳುತ್ತಿರಲಿಲ್ಲ. ಬೇಳೆ ತಳ ಹಿಡಿದ ವಾಸನೆ ಬಂದಾಗ ಏಳುತ್ತಿದ್ದೆ. ಅವರು ಹೊತ್ತಿದ ಬೇಳೆಯನ್ನೂ ಗೊಣಗದೆ ಉಂಡರು, ರೊಟ್ಟಿ ಇನ್ನೊಂದು ಬಂದರೆ ಬೇಡ ಅನ್ನಲಿಲ್ಲ. ಒಂದು ಬೆಳಿಗ್ಗೆ ಬಸ್‌ ಸ್ಟ್ಯಾಂಡಿನ ಕಟ್ಟೆಗೂ ಹೋಗಿ ಬಂದರು. ದೇವರೇ, ಇದೊಂದು ಹೀಗೇ ನಡೆಯಲಿ ಎಂದು ನಾನು ಬೇಡಿಕೊಂಡೆ.

ಆ ದಿನ ಶಾಲೆಯಲ್ಲಿ ತಪಾಸಣೆ ಇತ್ತು. ಬಂದ ಅಧಿಕಾರಿಗಳು ನನ್ನನ್ನು ಮಕ್ಕಳ ಮುಂದೆಯೇ ನಿಲ್ಲಿಸಿ ಒಂದಿಷ್ಟು ಹೇಳಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ತಲೆ ಸಿಡಿಯುತ್ತಿತ್ತು. ಆದರೂ ಮಾವನವರು ಕಂಟ್ರೋಲರ್ ಹಿಡಿದು ಕಾಯುತ್ತಿದ್ದದ್ದು ನೋಡಿ ಕೂತೆ. ಆ ದಿನ ನಾವು ಎಂದೂ ಹೋಗದಷ್ಟು ಮೇಲೆ ಹೋಗಿದ್ದೆವು. ಇನ್ನೊಂದೇ ತಿರುವು, ಅದಾದರೆ ತುದಿ. ನಾನು ಲಾರಿಯನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದ್ದೆ. ಅವರ ಲಾರಿ ಮೆಲ್ಲಗೆ ದಂಡೆಯ ಕಡೆಗೆ ಜಾರಿತು. ನಿಲ್ಲಲಿಲ್ಲ. ಇನ್ನೂ ಜಾರಿತು.

"ಲೇ! ಬ್ರೇಕ್ ಹಿಡೀಲೇ! ಎಲ್ಲಿ ನೋಡಾಕತ್ತೀ?"

ಆ ದನಿ ನನ್ನದು.

ಚಿಕ್ಕವಳಿದ್ದಾಗ ತಮ್ಮನ ಜೊತೆ ಲಗೋರಿ ಆಡುವಾಗ ಬರುತ್ತಿದ್ದ ದನಿ ಅದು. ಎಲ್ಲಿ ಕೂತಿತ್ತೋ ಇಷ್ಟು ವರ್ಷ. ಎರಡೂ ಲಾರಿ ಕೆಳಗೆ ಬಿದ್ದವು. ಪರದೆಯ ಮೇಲೆ ಮತ್ತೆ ಆಡುವಿರಾ ಎಂದು ಬಂತು. ಇಷ್ಟು ವರ್ಷ ನಾನು ಮಾವನವರ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಮೊದಲ ಮಾತೇ ಇದು. ಎಳೆಯ ಹುಡುಗನಿಗೆ ಅನ್ನುವ ಹಾಗೆ, ಬೀದಿಯಲ್ಲಿ ಗೆಳೆಯನಿಗೆ ಅನ್ನುವ ಹಾಗೆ, ಹಿರಿಯರಿಗೆ ಲೇ ಅಂದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕಂಟ್ರೋಲರನ್ನು ಮಂಚದ ಮೇಲೆ ಇಟ್ಟ ಸದ್ದು ಕೇಳಿತು, ಚಪ್ಪಲಿ ಮೆಟ್ಟಿದ ಸದ್ದು ಕೇಳಿತು. ಊಟದ ಹೊತ್ತಿಗೆ ಬಂದು ತಲೆ ತಗ್ಗಿಸಿ ಉಂಡು ಮಲಗಿದರು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲೇ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗೊಬ್ಬೂರಿಗಿ ಹೋಗಿ ಬರ್ತೇನಿ" ಎಂದು ಕ್ಯಾಲೆಂಡರಿಗೆ ಹೇಳಿದರು. ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ನನ್ನ ನಾದಿನಿ, ಅವರ ಮಗಳು, ಇದ್ದಾಳೆ. ಅತ್ತೆ ಹೋದ ಮೇಲೆ ಅವಳು ಎಷ್ಟು ಕರೆದರೂ ಹೋಗಿರಲಿಲ್ಲ.

ಶನಿವಾರ ಗಂಡನಿಗೆ ಹೇಳಿದೆ. "ಲೇ ಅಂದಿ? ಅಪ್ಪಗ?" ಎಂದು ಜೋರಾಗಿ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನಾನು ಸೈತ ಇನ್ನೂ ಅವರ ಮುಂದ ದನಿ ಏರ್ಸಿಲ್ಲ. ಇರ್ಲಿ ಬಿಡು. ಸಿಟ್ಟು ಇಳದ್ರ ಬರ್ತಾರ" ಎಂದರು. ಅವರಿಗೆ ಸುಲಭ. ಸೋಮವಾರ ಜೇವರ್ಗಿಯ ಬಸ್ಸು ಹತ್ತುತ್ತಾರೆ. ಖಾಲಿ ಮಂಚದ ಎದುರು ಸಂಜೆಯೆಲ್ಲ ಕೂಡುವವಳು ನಾನು. ಒಂದು ದಿನ ಚಹಾ ಮಾಡಿ, ಮರೆತು, ಕ್ಯಾಲೆಂಡರಿಗೆ ಹೇಳಿಯೂ ಬಿಟ್ಟೆ.

ಭಾನುವಾರ ಧೂಳು ಒರೆಸುವಾಗ ಕಂಪ್ಯೂಟರ್ ನೋಡಿದೆ. ಚಾವಿ ಇರಲಿಲ್ಲ. ಮಂಚದ ಕೆಳಗೆ, ಕುರ್ಚಿಯ ಸಂದಿಯಲ್ಲಿ, ಎಲ್ಲ ಕಡೆ ಹುಡುಕಿದೆ. ಡ್ಯೂಟಿ ಮುಗಿಸಿದ ಡ್ರೈವರ್ ಗಾಡಿಯ ಚಾವಿ ತೆಗೆದುಕೊಂಡೇ ಇಳಿಯುತ್ತಾನೆ. ಕಂಟ್ರೋಲರ್ ಬಿಟ್ಟುಹೋಗಿದ್ದರು, ಚಾವಿ ಒಯ್ದಿದ್ದರು. ಇನ್ನು ಆಟ ಸಾಕು ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಆ ಕಪ್ಪು ಕಂಟ್ರೋಲರನ್ನು ಅದರ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟೆ. ತುಂಬಾ ದುಃಖವಾಯಿತು. ಒಬ್ಬ ಮುದುಕನನ್ನು ಅಷ್ಟು ಕಷ್ಟಪಟ್ಟು ಮಂಚದಿಂದ ಎಬ್ಬಿಸಿ, ಒಂದು ಮಾತಿನಿಂದ ಮತ್ತೆ ಕೆಡವಿದೆ ಅನ್ನಿಸಿತು.

ನಾದಿನಿ ಫೋನ್ ಮಾಡಿದಳು. "ವೈನಿ, ಅಪ್ಪ ಇಲ್ಲಿ ಬಂದು ಬರೋಬರ್ ಮಾತೇ ಆಡವಲ್ರು. ಕಿಸೇದಾಗ ಏನೋ ಸಣ್ಣದು ಇಟ್ಕೊಂಡಾರ, ಘಳಿಗಿಗೊಮ್ಮಿ ತಗದು ನೋಡ್ತಾರ. ಏನ್ರಿ ಅಪ್ಪ ಅದು ಅಂದ್ರ ಚಾವಿ ಅಂತಾರ. ಯಾ ಗಾಡಿ ಚಾವಿ?"

ಗೊತ್ತಿಲ್ಲ ಅಂದೆ.

ಎರಡು ದಿನ ಬಿಟ್ಟು, ಶಾಲೆ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಆ ದಿನ ಸೀಟು ಸಿಕ್ಕಿತ್ತು, ಕಣ್ಣು ಎಳೆಯುತ್ತಿತ್ತು. ಫೋನ್ ಬಂತು. ಮಾವನವರ ನಂಬರು. ಆ ನಂಬರಿನಿಂದ ನನಗೆ ಎಂದೂ ಫೋನ್ ಬಂದಿರಲಿಲ್ಲ. ಏನಾದರೂ ಆಯಿತೋ ಎಂದು ತಡಬಡಿಸಿ ಎತ್ತಿದೆ.

"ಹಲೋ. ನಾನು" ಎಂದರು.

ನನಗೆ ಗೊತ್ತಿಲ್ಲದೆಯೇ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನೇ ನೋಡಿದಳು. ಹೂಂ ಎಂದೆನೋ ಇಲ್ಲವೋ ನೆನಪಿಲ್ಲ.

"ಸಿಟ್ಟಿಲೆ ಬಂದಿಲ್ಲ ನಾ. ಹಂಗ್ ತಿಳ್ಕೋಬ್ಯಾಡ" ಎಂದರು. ನಾನು ಕಿವಿಗೆ ಫೋನ್ ಒತ್ತಿ ಹಿಡಿದೆ, ಬಸ್ಸಿನ ಸದ್ದಿನಲ್ಲಿ ಒಂದು ಮಾತೂ ತಪ್ಪಬಾರದೆಂದು.

"ನಮ್ಮಣ್ಣ ಇದ್ದಾಗ ಲೇ ಅಂತಿದ್ದ. ನನ್ನ ಜೋಡಿ ಡ್ಯೂಟಿ ಮಾಡಾವ ಒಬ್ಬ ಕಂಡಕ್ಟರ್ ಇದ್ದ, ಅವ ಅಂತಿದ್ದ. ಇಬ್ರೂ ಹೋದ್ರು. ನಿಮ್ಮತ್ತಿ ಸೈತ ಅಂತಿದ್ಲು, ಯಾರೂ ಇಲ್ಲದಾಗ. ಈಗ ಎಲ್ಲಾರೂ ರೀ ಅಂತಾರ. ಮಗ ಅಂತಾನ, ಮಗಳು ಅಂತಾಳ, ದವಾಖಾನ್ಯಾಗ ಡಾಕ್ಟರ್ ಅಂತಾನ. ಅವತ್ತ ನೀ ಅಂದಿ ನೋಡು, ನನಗ ಕಣ್ಣಾಗ ನೀರು ಬಂದ್ವು. ಸೊಸಿ ಮುಂದ ಹ್ಯಾಂಗ ಅಳಬೇಕವ್ವಾ? ಅದಕ್ಕ ಎದ್ದು ಬಂದೆ."

ಬಸ್ಸು ಯಾವುದೋ ಸ್ಟಾಪಿನಲ್ಲಿ ನಿಂತು ಮತ್ತೆ ಹೊರಟಿತು.

"ಚಾವಿ ನನ್ನ ಕಡೆ ಅದ. ಇಳಿಯಾಗ ರೂಢಿಲೆ ಕಿಸೇಕ್ಕ ಹಾಕ್ಕೊಂಡೇನಿ. ನಾಳಿ ಬರ್ತೇನಿ" ಎಂದರು.

"ಹೂಂ ರಿ" ಎಂದೆ. ನಾನು ಅವರಿಗೆ ತಿಳಿದು ಆಡಿದ ಮೊದಲ ಮಾತು ಅದು.

ಅವರು ಬಂದರು. ಬಂದ ಮೇಲೆ ಎಲ್ಲ ಬದಲಾಯಿತು ಎಂದು ಹೇಳಿದರೆ ಸುಳ್ಳಾದೀತು. ಚಹಾ ಆದದ್ದನ್ನು ಇವತ್ತಿಗೂ ಕ್ಯಾಲೆಂಡರಿಗೇ ಹೇಳುತ್ತೇನೆ. ನನ್ನ ಬಸ್ಸು, ನನ್ನ ಪೇಪರು, ನನ್ನ ತಲೆನೋವು ಇದ್ದ ಹಾಗೇ ಇವೆ. ಅವರ ನಡುಕ ಸ್ವಲ್ಪ ಹೆಚ್ಚಾಗಿದೆ, ಅಲುಗಾಟ ಲೆಕ್ಕಕ್ಕೆ ಬಾರದ ಹಾಗೆ ಇನ್ನೊಂದಿಷ್ಟು ಹೆಚ್ಚು ಮಾಡಿಟ್ಟಿದ್ದೇನೆ. ಸಂಜೆ ಆಡುವಾಗ ಮಾತ್ರ ಈಗ ಬಾಯಿಬಿಟ್ಟು ಮಾತಾಡುತ್ತೇವೆ. "ಎಡಕ್ಕ ತಗೋ ಬೇ, ಎಡಕ್ಕ" ಎನ್ನುತ್ತಾರೆ ಅವರು, ಎಷ್ಟೋ ವರ್ಷದಿಂದ ಅನ್ನುತ್ತ ಬಂದವರ ಹಾಗೆ. ಆಡುವಷ್ಟು ಹೊತ್ತು ನಾನು ಸೊಸೆಯಲ್ಲ, ಅವರ ಜೋಡಿಯ ಡ್ರೈವರ್.

ಆದರೆ ಕೊನೆಯ ಆ ತಿರುವಿಗೆ ಬಂದಾಗ ಅವರು ಲಾರಿಯನ್ನು ದಂಡೆಗೆ ತಂದು ನಿಲ್ಲಿಸುತ್ತಾರೆ. ಜಾರಿ ಬಂದದ್ದಲ್ಲ, ತಾವೇ ತಂದದ್ದು. ಆಳಂದದಿಂದ ಅಫಜಲಪುರದ ತನಕ ಬಸ್ಸನ್ನು ಒಮ್ಮೆಯೂ ರಸ್ತೆಯಿಂದ ಕೆಳಗೆ ಇಳಿಸದ ಮನುಷ್ಯ. ಮುಂದಿನ ಗಾಲಿ ಗಾಳಿಯಲ್ಲಿ ತೂಗುತ್ತಿರುತ್ತದೆ. ಅವರು ಕೆಮ್ಮುವುದಿಲ್ಲ, ಬೆರಳು ಬಡಿಯುವುದಿಲ್ಲ, ಕಾಯುತ್ತಾರೆ. ಯಾತಕ್ಕೆ ಕಾಯುತ್ತಾರೆ ಎಂದು ನನಗೆ ಗೊತ್ತು. ಆ ಮಾತು ನನ್ನ ಗಂಟಲಿನ ತನಕ ಬರುತ್ತದೆ. ಹುಟ್ಟಿ ಬೆಳೆದ ರೀತಿ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಅಂದು ತಿಳಿಯದೆ ಬಂದದ್ದು ತಿಳಿದು ಬರುವುದಿಲ್ಲ.

"ಬ್ರೇಕ್ ಹಿಡೀರಿ" ಎನ್ನುತ್ತೇನೆ.

ಅವರು ಬ್ರೇಕ್ ಬಿಟ್ಟುಬಿಡುತ್ತಾರೆ.